ಹಾಸನದಲ್ಲೊಬ್ಬ ಸಂತೂರ್ ಮೇಷ್ಟ್ರು

ಮುಂಗಾರು ಹಿಡಿದ ವಾರವೇ ನನ್ನ ಸಂತೂರಿನ ಶ್ರುತಿ ಏರತೊಡಗುತ್ತದೆ. ಯಾರೂ ತಂತಿ ಬಿಗಿಯುವ ಬಿರಡೆ ಮುಟ್ಟಿರುವುದಿಲ್ಲ. ಮೇಲು ಹಲಗೆಯ ಮರ ತೇವ ಕುಡಿದು ಉಬ್ಬುತ್ತದೆ, ಉಬ್ಬಿದ ಹಲಗೆ ತನ್ನ ಮೇಲೆ ಕೂತು ತಂತಿ ಹೊರುವ ಪುಟ್ಟ ಆಸರೆಗಳನ್ನು, ಅಂದರೆ ಕುದುರೆಗಳನ್ನು, ಎತ್ತುತ್ತದೆ, ಕುದುರೆ ಎದ್ದಷ್ಟೂ ತಂತಿ ಬಿಗಿಯಾಗುತ್ತದೆ. ಎಲ್ಲ ಕಡೆ ಒಂದೇ ಸಮ ಏರಿದ್ದರೆ ಚಿಂತೆ ಇರಲಿಲ್ಲ. ಹಲಗೆಯ ನಡುವೆ ಹೆಚ್ಚು ಏರುತ್ತದೆ, ಅಂಚಿನಲ್ಲಿ ಕಡಿಮೆ. ಹಾಸನದಲ್ಲಿ ಚೆನ್ನಾಗಿ ಕೂಡಿಸಿಕೊಂಡು ಹೊರಟ ವಾದ್ಯವನ್ನು ಶ್ರಾವಣದ ಮದುವೆಯೊಂದಕ್ಕೆ ಸಕಲೇಶಪುರದಲ್ಲಿ ಇಳಿಸಿ ಪೆಟ್ಟಿಗೆ ತೆರೆದರೆ, ಅದು ಬೇರೆ ಯಾರದೋ ವಾದ್ಯದಂತೆ ಮಾತಾಡುತ್ತದೆ. ಅಷ್ಟರಲ್ಲಿ ಮಂಟಪದವರು ದೊಡ್ಡ ದೀಪಗಳನ್ನು ಹಾಕುತ್ತಾರೆ. ದೀಪದ ಬಿಸಿಗೆ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಮರ ಮೇಲಕ್ಕೆ ಎಳೆಯುತ್ತದೆ, ಉಕ್ಕು ಕೆಳಕ್ಕೆ. ನಡುವೆ ಬಿರಡೆ ತಿರುಗಿಸುವ ಕೀಲಿ ಹಿಡಿದು ಕೂತವನು ನಾನು.

ಕಾಣದವರಿಗಾಗಿ ವಾದ್ಯದ ಪರಿಚಯ ಹೇಳಿಬಿಡುತ್ತೇನೆ. ನುಡಿಸುವವನ ಕಡೆ ಅಗಲ, ಆಚೆ ಕಡೆ ಕಿರಿದಾದ ಒಂದು ಮರದ ಪೆಟ್ಟಿಗೆ. ಮೇಲೆ ಎರಡು ಸಾಲು ಪುಟ್ಟ ಕುದುರೆಗಳು, ಒಂದೊಂದು ಕುದುರೆಯ ಬೆನ್ನ ಮೇಲೆ ಒಂದೇ ಸ್ವರಕ್ಕೆ ಕೂಡಿಸಿದ ಮೂರು ತಂತಿಗಳು. ಎಡಗಡೆ ಮೊಳೆಗಳು, ಬಲಗಡೆ ಕಬ್ಬಿಣದ ಬಿರಡೆಗಳು. ತುದಿ ಬಾಗಿದ ಎರಡು ಹಗುರ ಕಡ್ಡಿಗಳಿಂದ ತಂತಿಯನ್ನು ತಟ್ಟುವುದು. ಕಡ್ಡಿಗೆ ಕಲಮು ಎನ್ನುತ್ತಾರೆ. ಕಾಶ್ಮೀರದ ಸೂಫಿಯಾನಾ ಸಂಗೀತದಲ್ಲಿ ಇದಕ್ಕೆ 25 ಕುದುರೆ, ಕುದುರೆಗೆ ನಾಲ್ಕರಂತೆ 100 ತಂತಿ. ಅದನ್ನು ಅಲ್ಲಿಂದ ತಂದು ಶಾಸ್ತ್ರೀಯ ಸಂಗೀತದ ವೇದಿಕೆಗೆ ಏರಿಸಿದವರು ಜಮ್ಮುವಿನ ಶಿವಕುಮಾರ ಶರ್ಮಾ. 1955ರಲ್ಲಿ ಮುಂಬಯಿಯಲ್ಲಿ ಮೊದಲ ಸಲ ಕಛೇರಿಗೆ ಕೂತಾಗ ಅವರಿಗೆ ಹದಿನೇಳು ವಯಸ್ಸು. ಆಮೇಲೆ ತಂತಿಗಳನ್ನು 91ಕ್ಕೆ ಇಳಿಸಿ, ಸ್ವರಗಳ ಜೋಡಣೆ ಬದಲಿಸಿ, ಮರದ ಪೀಠದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ನುಡಿಸುವ ಪದ್ಧತಿ ಮಾಡಿದರು. ನನ್ನ ಬಳಿ ಇರುವುದು ಆ ಬಗೆಯದು. ಇದರ ಬಂಧುಗಳು ಲೋಕವೆಲ್ಲ ಇದ್ದಾರೆ. ಇರಾನಿನದಕ್ಕೆ 72 ತಂತಿ. ಚೀನಾದವರು ಬಿದಿರಿನ ಕಡ್ಡಿಯಿಂದ ತಟ್ಟುತ್ತಾರೆ. ಹಂಗೆರಿಯವರು ಕಾಲು ಕೊಟ್ಟು, ಪೆಡಲ್ ಇಟ್ಟು ಮೇಜಿನಷ್ಟು ದೊಡ್ಡದು ಮಾಡಿಕೊಂಡಿದ್ದಾರೆ. ಅಮೆರಿಕದಲ್ಲಿ ಕಾಡು ಕಡಿಯುವ ಕೂಲಿಗಳ ಬಿಡಾರಗಳಲ್ಲಿ ಇದನ್ನು ನುಡಿಸುತ್ತಿದ್ದರಂತೆ. ಮರಕಟುಕರ ಪಿಯಾನೊ ಎಂದೇ ಅಲ್ಲಿ ಅಡ್ಡಹೆಸರು. ಎಸ್ಟೇಟ್ ಲೈನ್ ಮನೆಗಳ ನಡುವೆ ಬೆಳೆದ ನನಗೆ ಇದು ತಿಳಿದ ದಿನ ತುಂಬಾ ಖುಷಿಯಾಗಿತ್ತು.

ನಾನು ಮೂಲತಃ ತಬಲಾದವನು. ಭಜನಾ ಮಂಡಳಿ, ಸುಗಮ ಸಂಗೀತದ ತಂಡ, ಶಾಲಾ ವಾರ್ಷಿಕೋತ್ಸವ, ಕರೆದಲ್ಲಿಗೆ ಹೋಗುತ್ತಿದ್ದೆ. ಸಂತೂರನ್ನು ಮೊದಲು ಕೇಳಿದ್ದು ರೇಡಿಯೊದಲ್ಲಿ, ರಾತ್ರಿಯ ಕಾರ್ಯಕ್ರಮವೊಂದರಲ್ಲಿ. ತಾಳವಾದ್ಯದವನಿಗೆ ಅದರ ಆಕರ್ಷಣೆ ಸಹಜ: ಬಾರಿಸುವ ಕೈಗೆ ಸ್ವರ ಸಿಕ್ಕಿಬಿಡುತ್ತದೆ. ಶರ್ಮಾ ಅವರೂ ತಂದೆ ಉಮಾದತ್ತ ಶರ್ಮಾರಲ್ಲಿ ಮೊದಲು ಗಾಯನ, ತಬಲಾ ಕಲಿತವರೇ. ಆದರೆ ತಬಲಾದ ಕೈ ಸಂತೂರಿಗೆ ಅರ್ಧ ವರ, ಅರ್ಧ ಶಾಪ. ಲಯ ತಾನಾಗಿ ಬರುತ್ತದೆ. ಬೆರಳಿನ ಬಲ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಕಲಮನ್ನು ತೋರುಬೆರಳು ಮತ್ತು ನಡುಬೆರಳ ಸಂದಿನಲ್ಲಿ ಇಟ್ಟು ಹೆಬ್ಬೆರಳನ್ನು ಮೇಲೆ ಹಾಗೇ ಒರಗಿಸಬೇಕು, ಒತ್ತಬಾರದು. ತಂತಿಗೆ ತಗುಲಿದ ಕಲಮು ತಾನೇ ಪುಟಿದು ಹಿಂದೆ ಬರುತ್ತದೆ. ಆ ಪುಟಿತವನ್ನು ಕೈ ತಡೆಯದಿದ್ದರೆ ನಾದ. ತಡೆದರೆ ತಗಡು.

ಕಲಿಯಲು ಬೆಂಗಳೂರಿಗೆ ಹೋಗಬೇಕಾಯಿತು. 2017ರ ಮಾರ್ಚಿನಲ್ಲಿ ಶ್ರವಣಬೆಳಗೊಳದ ಮೇಲಿನ ರೈಲು ಮಾರ್ಗ ತೆರೆದದ್ದು ನನ್ನ ಪಾಲಿಗೆ ದೊಡ್ಡ ಉಪಕಾರ. ಅದಕ್ಕೆ ಮೊದಲು ಬಸ್ಸಿನಲ್ಲಿ ವಾದ್ಯವನ್ನು ಎಲ್ಲಿಡುವುದು ಎಂಬುದೇ ದೊಡ್ಡ ವಾದ. ಡಿಕ್ಕಿಯಲ್ಲಿ ಇಡಿ ಎನ್ನುವ ಕಂಡಕ್ಟರು, ಇಡುವುದಿಲ್ಲ ಎನ್ನುವ ನಾನು, ನಡುವೆ ಅರ್ಧ ಟಿಕೆಟ್ ತೆಗೆದುಕೊಳ್ಳಿ ಎಂದು ರಾಜಿ ಮಾಡಿಸುವ ಸಹ ಪ್ರಯಾಣಿಕರು. ಗುರುಗಳು ಬಹುಕಾಲ ರಾಗದ ಮಾತೇ ಎತ್ತಲಿಲ್ಲ. ಬಲ, ಎಡ, ಬಲ, ಎಡ, ಎರಡು ಕೈಯ ಪೆಟ್ಟಿನ ತೂಕ ಒಂದೇ ಆಗುವವರೆಗೆ ಒಂದೇ ಸ್ವರ. ಅದು ಆಯಿತು ಎನ್ನುವ ಹೊತ್ತಿಗೆ ಕೈಗೆ ಕೀಲಿ ಕೊಟ್ಟು, ಎಲ್ಲ ತಂತಿ ಬಿಚ್ಚಿ ಹೊಸದು ಹಾಕು ಎಂದರು.

ಆ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈಗ ನನ್ನ ಮನೆಯಲ್ಲಿ ಪಾಠ ಶುರುವಾಗುವುದೇ ಅದರಿಂದ. ಎಲ್ಲ ತಂತಿಯನ್ನೂ ಒಟ್ಟಿಗೆ ಬಿಚ್ಚುವಂತಿಲ್ಲ. ಕುದುರೆಗಳನ್ನು ಹಲಗೆಗೆ ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತವೆ. ಒತ್ತಡ ಹೋದರೆ ಒಂದೊಂದಾಗಿ ಬೀಳುತ್ತವೆ. ಒಂದು ಕುದುರೆಯ ಒಂದು ತಂತಿ ತೆಗೆದು, ಹೊಸದನ್ನು ಹಾಕಿ, ಆಮೇಲೆ ಪಕ್ಕದ್ದಕ್ಕೆ ಹೋಗಬೇಕು. ತಂತಿಯ ತುದಿಗೆ ಕುಣಿಕೆ ಹೆಣೆದು ಎಡಗಡೆಯ ಮೊಳೆಗೆ ಸಿಕ್ಕಿಸಿ, ಕುದುರೆಯ ಮೇಲೆ ಹಾಯಿಸಿ, ಬಿರಡೆಯ ತೂತಿಗೆ ತೂರಿಸಿ, ಸುತ್ತುಗಳು ಒಂದರ ಮೇಲೊಂದು ಏರದಂತೆ ಕೆಳಕ್ಕೆ ಸುತ್ತಬೇಕು. ಸುತ್ತು ಏರಿದರೆ ನಾಳೆ ಜಾರುತ್ತದೆ. ಕತ್ತರಿಸಿದ ಉಕ್ಕಿನ ತುದಿ ಸೂಜಿಯಷ್ಟೇ ಚೂಪು; ಮೊದಲ ಸಲ ತಂತಿ ಹಾಕಿದವರ ಬೆರಳ ತುದಿಗಳನ್ನು ನೋಡಿದರೆ ಗುರುತಾಗುತ್ತದೆ. ಹೊಸ ತಂತಿ ಹಲವು ದಿನ ಹಿಗ್ಗುತ್ತಲೇ ಇರುತ್ತದೆ. ಒಂದೇ ಸಲಕ್ಕೆ ಪೂರ್ಣ ಶ್ರುತಿಗೆ ಎಳೆಯದೆ ಮೊದಲು ಎಲ್ಲವನ್ನೂ ಅರ್ಧ ಬಿಗಿ ಮಾಡಿ, ಮತ್ತೊಂದು ಸುತ್ತಿನಲ್ಲಿ ಇನ್ನಷ್ಟು, ಹೀಗೆ ಏರಿಸುತ್ತಾ ಹೋಗಬೇಕು. ಒಂದು ಕಡೆ ಭಾರ ಬಿದ್ದರೆ ಹಲಗೆ ಓರೆಯಾಗಿ ಕೂರುತ್ತದೆ.

ಆಮೇಲೆ ಶ್ರುತಿ. ಮೂರು ತಂತಿಯಲ್ಲಿ ಎರಡನ್ನು ಬಟ್ಟೆಯ ತುಂಡಿನಿಂದ ಮುಚ್ಚಿ ಒಂದನ್ನು ತಂಬೂರಿಯ ಶ್ರುತಿಗೆ ಸೇರಿಸುವುದು. ಬಟ್ಟೆ ಸರಿಸಿ ಎರಡನೆಯದನ್ನು ಅದರ ಜೊತೆ ಮೀಟಿದರೆ, ಇನ್ನೂ ಕೂಡದ ಎರಡು ತಂತಿಗಳ ನಡುವೆ ನಾದ ಏರಿ ಇಳಿದು ಏರಿ ಇಳಿದು ಅಲೆಯುತ್ತದೆ. ಒಂದು ತಂತಿ ಸೆಕೆಂಡಿಗೆ 220 ಸಲ ಕಂಪಿಸಿ ಇನ್ನೊಂದು 221 ಸಲ ಕಂಪಿಸಿದರೆ, ಆ ಅಲೆ ಸೆಕೆಂಡಿಗೆ ಒಂದು. ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿದಂತೆ ಅಲೆ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ಒಂದು ಕಡೆ ನಿಲ್ಲುತ್ತದೆ. ನಿಂತ ಕೂಡಲೇ ಕೈ ತೆಗೆಯಬೇಕು. ಇನ್ನೂ ಸರಿ ಮಾಡುತ್ತೇನೆಂದು ಹೊರಟರೆ ಕೆಟ್ಟಿತು. ಪಿಯುಸಿ ಓದುತ್ತಿದ್ದ ನನ್ನ ಶಿಷ್ಯನೊಬ್ಬ ಇದನ್ನು ಕೇಳಿ, ‘ಸರ್, ಇದು ನಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿದೆ, ಐದು ಅಂಕಕ್ಕೆ ಬಾಯಿಪಾಠ ಮಾಡಿದ್ದೆ, ಕೇಳಿರಲಿಲ್ಲ’ ಎಂದ.

ಮೊಬೈಲಿನ ಶ್ರುತಿ ಆ್ಯಪ್ ಇರುವಾಗ ಇಷ್ಟೆಲ್ಲ ಏಕೆ ಎಂದು ಎಲ್ಲ ತಂದೆ ತಾಯಂದಿರೂ ಕೇಳುತ್ತಾರೆ. ಆ್ಯಪ್ ಬೇಡ ಎನ್ನುವ ಹಟವೇನೂ ನನಗಿಲ್ಲ, ಗದ್ದಲದ ವೇದಿಕೆಯಲ್ಲಿ ನಾನೂ ಅದರ ಸಹಾಯ ಪಡೆಯುತ್ತೇನೆ. ಆದರೆ ಅದು ಸ್ಥಾಯಿಯನ್ನು, ಅಂದರೆ ‘ಸ’ದಿಂದ ಮೇಲಿನ ‘ಸ’ದವರೆಗಿನ ಅಂತರವನ್ನು, ಹನ್ನೆರಡು ಸಮಭಾಗ ಮಾಡಿ ಅಳೆಯುತ್ತದೆ. ಸ್ಥಾಯಿಗೆ 1200 ಸೆಂಟ್ ಎಂಬ ಲೆಕ್ಕದಲ್ಲಿ ಅದರ ಗಾಂಧಾರ, ಅಂದರೆ ‘ಗ’ ಸ್ವರ, 400ರಲ್ಲಿ ನಿಲ್ಲುತ್ತದೆ. ತಂಬೂರಿಯ ಷಡ್ಜದೊಳಗಿಂದ, ಅಂದರೆ ‘ಸ’ದೊಳಗಿಂದ, ತಾನಾಗಿ ಹೊಮ್ಮುವ ಗಾಂಧಾರ 386ರ ಹತ್ತಿರ. ಈ 14 ಸೆಂಟ್ ಕಾಗದದ ಮೇಲೆ ಏನೂ ಅಲ್ಲ. ತಂಬೂರಿ ಹಾಕಿಕೊಂಡು ಆ್ಯಪ್ ತೋರಿಸಿದ ಗಾಂಧಾರ ತಟ್ಟಿ ನೋಡಿ, ಕಿವಿ ಮುದುಡುತ್ತದೆ. ಆದ್ದರಿಂದ ಷಡ್ಜ, ಪಂಚಮಕ್ಕೆ ಬೇಕಾದರೆ ಮೊಬೈಲ್ ಇಟ್ಟುಕೊಳ್ಳಿ, ಗಾಂಧಾರಕ್ಕೆ ಕಿವಿಯನ್ನೇ ಬಳಸಿ ಎಂದು ಮಕ್ಕಳಿಗೆ ಹೇಳುತ್ತೇನೆ. ‘ಮಗಳು ಯಾವಾಗ ಹಾಡು ನುಡಿಸುತ್ತಾಳೆ, ಜೂನಿಯರ್ ಪರೀಕ್ಷೆಗೆ ಯಾವಾಗ ಕಟ್ಟಿಸುತ್ತೀರಿ’ ಎಂದು ಕೇಳಿಕೊಂಡು ಬಂದವರಿಗೆ ಇದು ಹಿಡಿಸುವುದಿಲ್ಲ. ಕೆಲವರು ಮಕ್ಕಳನ್ನು ಬಿಡಿಸಿ ಕೀಬೋರ್ಡ್ ತರಗತಿಗೆ ಹಾಕಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೀಬೋರ್ಡಿಗೆ ಮಳೆ ತಾಗುವುದಿಲ್ಲ.

ಕೀಬೋರ್ಡಿನ ಮೇಲೆ ಸಿಟ್ಟು ಬೇರೆ ಕಾರಣಕ್ಕಿದೆ. ಅದರೊಳಗೆ ಒಂದು ಗುಂಡಿ ಒತ್ತಿದರೆ ಸಂತೂರಿನ ನಾದವೇ ಬರುತ್ತದೆ. ಸುಗಮ ಸಂಗೀತದ ತಂಡಕ್ಕೆ ಹಾಡಿನ ಆರಂಭದಲ್ಲಿ ಒಂದು ಝಲ್ಲನೆಯ ಇಳಿಜಾರು, ನಡುವೆ ಎರಡು ಕಡೆ ಮಿನುಗು, ಅಷ್ಟು ಸಾಕು. ಅಷ್ಟಕ್ಕಾಗಿ ಒಬ್ಬ ಮನುಷ್ಯ, ಒಂದು ಪೆಟ್ಟಿಗೆ, ಕಾರ್ಯಕ್ರಮಕ್ಕೆ ಮೊದಲು ಒಂದು ಗಂಟೆ ಟಿಣ್ ಟಿಣ್ ಎಂದು ಎಲ್ಲರ ತಲೆ ತಿನ್ನುವ ಶ್ರುತಿ ಕೆಲಸ, ಇದು ಯಾವ ಆಯೋಜಕನಿಗೆ ಬೇಕು? ನವೆಂಬರ್ ಪೂರ್ತಿ ರಾಜ್ಯೋತ್ಸವ, ಅದಕ್ಕೂ ಮುಂಚೆ ಗಣೇಶೋತ್ಸವ; ಈ ಕಾಲ ಬಿಟ್ಟರೆ ನುಡಿಸುವುದರಿಂದ ಮನೆ ನಡೆಯುವುದಿಲ್ಲ. ಒಂದು ಸಂಘದವರು ಸಂಭಾವನೆಯನ್ನು ಬ್ಯಾಂಕಿಗೆ ಹಾಕುತ್ತೇವೆ ಎಂದು ಹೇಳಿ ಅಂದು ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಹಣ್ಣು ಚೆನ್ನಾಗಿತ್ತು.

ಶಾಸ್ತ್ರೀಯ ಸಂಗೀತದ ಶ್ರೋತೃಗಳದ್ದು ಮತ್ತೊಂದು ಕಥೆ. ನಮ್ಮದು ರುದ್ರಪಟ್ಟಣದ ಜಿಲ್ಲೆ. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ಆ ಊರು ಕರ್ನಾಟಕ ಸಂಗೀತಕ್ಕೆ ಆರ್. ಕೆ. ಶ್ರೀಕಂಠನ್ ಅವರನ್ನು, ರುದ್ರಪಟ್ಟಣಂ ಸಹೋದರರನ್ನು, ಆರ್. ಕೆ. ಪದ್ಮನಾಭ ಅವರನ್ನು ಕೊಟ್ಟಿದೆ. ತಂಬೂರಿಯ ಆಕಾರದಲ್ಲೇ ಕಟ್ಟಿದ ಮಂದಿರವೂ ಅಲ್ಲಿದೆ. ಇಂಥ ಕಡೆ ಕೇಳುಗರ ಕಿವಿ ಸ್ವರವನ್ನು ಅದುರಿಸಿ, ಜಾರಿಸಿ ಹಾಡುವ ಗಮಕದಲ್ಲೇ ಪಳಗಿರುತ್ತದೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ಒಮ್ಮೆ ನುಡಿಸಿ ಇಳಿದಾಗ ಹಿರಿಯರೊಬ್ಬರು ಹತ್ತಿರ ಬಂದು, ಬಹಳ ಪ್ರೀತಿಯಿಂದಲೇ, ‘ಮಧುರವಾಗಿದೆ ಸ್ವಾಮಿ, ಆದರೆ ತೋಡಿ ರಾಗವನ್ನು ಇದರಲ್ಲಿ ಹೇಗೆ ತರುತ್ತೀರಿ?’ ಎಂದರು. ತರಲು ಆಗುವುದಿಲ್ಲ ಎಂಬುದು ನೇರ ಉತ್ತರ. ತಟ್ಟಿದ ತಂತಿಯನ್ನು ಎಳೆಯಲಾಗದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾಗದು. ಶರ್ಮಾ ಅವರನ್ನೂ ಶುರುವಿನಲ್ಲಿ ವಿಮರ್ಶಕರು ಕೇಳಿದ್ದು ಇದನ್ನೇ. ಅವರು ಕಲಮನ್ನು ತಂತಿಯ ಮೇಲೆ ಮೃದುವಾಗಿ ಅದುರಿಸಿ ಉರುಳಿಸಿ ನಾದವನ್ನು ಹಿಡಿದು ನಿಲ್ಲಿಸುವ ಒಂದು ದಾರಿ ಕಂಡುಕೊಂಡರು. ಆ ದಾರಿಯಲ್ಲಿ ನಾನೂ ನಡೆದಿದ್ದೇನೆ. ಆದರೂ ಕರ್ನಾಟಕ ಸಂಗೀತದ ಕೃತಿಯನ್ನು ಸಂತೂರಿನಲ್ಲಿ ಒತ್ತಾಯದಿಂದ ನುಡಿಸುವುದನ್ನು ಕೇಳಿದಾಗ, ಸ್ವರಗಳೆಲ್ಲ ಇದ್ದು ರಾಗ ಎದ್ದು ಹೊರಗೆ ಹೋದ ಹಾಗೆ ಅನ್ನಿಸುತ್ತದೆ ನನಗೆ.

ಹಾಗಾದರೆ ಹಾಸನದಲ್ಲಿ ಕೂತು ಇದರಲ್ಲಿ ಏನು ನುಡಿಸುವುದು? ಉತ್ತರ ಸಿಕ್ಕಿದ್ದು ಆಲೂರು ಕಡೆಯ ನಮ್ಮ ಸೋದರತ್ತೆಯ ಮನೆಯಲ್ಲಿ. ಅತ್ತೆ ಸೋಬಾನೆ ಹೇಳುವವಳು. ಸುತ್ತಮುತ್ತಲ ಮದುವೆಗಳಲ್ಲಿ, ಹೆಣ್ಣು ಮೈನೆರೆದ ಮನೆಗಳಲ್ಲಿ ಅವಳು ಮತ್ತು ಅವಳ ಜೊತೆಗಾತಿ ಮುಂದೆ ಹೇಳಿದರೆ ಇನ್ನಿಬ್ಬರು ಹಿಂದೆ ಹೇಳುತ್ತಾರೆ. ಮಳೆಗಾಲದ ಒಂದು ಮಧ್ಯಾಹ್ನ ಅವಳ ಜಗಲಿಯಲ್ಲಿ ಸಂತೂರ್ ಇಟ್ಟುಕೊಂಡು, ಅವಳು ಹೇಳಿದ್ದನ್ನು ಹುಡುಕುತ್ತಾ ಹೋದೆ. ಇಡೀ ಪದ ನಾಲ್ಕೈದು ಸ್ವರಗಳೊಳಗೇ ತಿರುಗುತ್ತದೆ. ಅಕ್ಷರಕ್ಕೊಂದು ಸ್ವರ, ಒಂದಕ್ಕೊಂದು ಅಂಟಿಕೊಳ್ಳದೆ, ಹೆಜ್ಜೆಯಿಟ್ಟ ಹಾಗೆ ಸ್ಪಷ್ಟ. ಸಾಲಿನ ಕೊನೆಯಲ್ಲಿ ಮಾತ್ರ ಒಂದು ಎಳೆತ. ಜಾರಬೇಕಾದ ಜಾಗವೇ ಕಡಿಮೆ. ಸಂತೂರಿನ ಕೊರತೆ ಎಂದು ಎಲ್ಲರೂ ಹೇಳುತ್ತಿದ್ದುದು ಇಲ್ಲಿ ಕೊರತೆಯೇ ಅಲ್ಲ. ರಾಗಿ ಬೀಸುವ ಪದ, ಕೋಲಾಟದ ಪದ, ದೀಪಾವಳಿಯಲ್ಲಿ ಮಲೆನಾಡಿನ ಮನೆಮನೆಗೆ ದೀಪ ಹಿಡಿದು ಬರುವ ಅಂಟಿಗೆ ಪಂಟಿಗೆಯವರ ಪದ, ಇವು ಕಲಮಿಗೆ ಬಂದು ಕೂರುವ ರೀತಿ ನೋಡಿದರೆ, ಕಾಶ್ಮೀರದ ಪೆಟ್ಟಿಗೆಗೆ ಮಲೆನಾಡು ಅಷ್ಟೇನೂ ದೂರವಲ್ಲ.

ಅತ್ತೆ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಪೂರ್ತಿ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತಾ, ‘ದನಿ ಚೆನ್ನಾಗಿದೆ ಕಣಪ್ಪಾ. ಆದರೆ ಅದು ಉಸಿರೇ ತೆಗೆದುಕೊಳ್ಳುವುದಿಲ್ಲವಲ್ಲ’ ಎಂದಳು. ಸಾಲು ಮುಗಿದ ಮೇಲೆ ಹೆಂಗಸರು ಉಸಿರೆಳೆದುಕೊಳ್ಳುವ ಜಾಗದಲ್ಲಿ ನನ್ನ ಎರಡು ಕೈಗಳು ಸುಮ್ಮನಿರಲಾರದೆ ಮಿನುಗು ತುಂಬುತ್ತಿದ್ದವು. ಅದು ಸಂತೂರಿನವರ ಚಟ. ತಂತಿ ಇಷ್ಟೊಂದು ಇರುವಾಗ ಕೈ ಬಿಡುವಾಗಿ ಕೂರುವುದಿಲ್ಲ. ಅವಳು ಮತ್ತೆ ಹೇಳಿದಳು, ನಾನು ಮತ್ತೆ ನುಡಿಸಿದೆ, ಅವಳು ಉಸಿರೆಳೆದ ಕಡೆ ಅಂಗೈಯಿಂದ ತಂತಿಯನ್ನು ಮುಚ್ಚಿ ನಿಲ್ಲಿಸಿದೆ. ಆ ಅಂಗೈಯ ಕೆಲಸವನ್ನು ಈಗ ಎಲ್ಲ ಮಕ್ಕಳಿಗೂ ಕಲಿಸುತ್ತೇನೆ. ಮುಚ್ಚದಿದ್ದರೆ ಹಿಂದಿನ ಸಾಲಿನ ನಾದ ಮುಂದಿನ ಸಾಲಿನ ಮೇಲೆ ಚೆಲ್ಲುತ್ತದೆ.

ಕಲಿಸುವ ಪದ್ಧತಿಯೂ ಅವಳ ಜಗಲಿಯಿಂದಲೇ ಬಂದದ್ದು. ಇಬ್ಬರು ಮಕ್ಕಳನ್ನು ಎರಡು ವಾದ್ಯಗಳ ಮುಂದೆ ಎದುರುಬದುರು ಕೂರಿಸುತ್ತೇನೆ. ಒಬ್ಬರು ಒಂದು ಸಾಲು ನುಡಿಸಬೇಕು, ಇನ್ನೊಬ್ಬರು ಅದನ್ನೇ ತಿರುಗಿ ನುಡಿಸಬೇಕು. ಪುಸ್ತಕವಿಲ್ಲ, ಸ್ವರಲಿಪಿಯಿಲ್ಲ. ಸೋಬಾನೆಯಲ್ಲಿ ಹಿಂದೆ ಹೇಳುವವಳಿಗೆ ಮುಂದಿನವಳ ಬಾಯಿಯೇ ಪುಸ್ತಕ. ಸ್ವರಲಿಪಿ ಬೇಕು ಎನ್ನುವ ಮಕ್ಕಳಿಗೆ ಮೊದಲ ವರ್ಷ ಕೊಡುವುದಿಲ್ಲ. ಹಾಳೆ ನೋಡುವವರು ಕೇಳುವುದನ್ನು ಬಿಡುತ್ತಾರೆ. ಬೆಂಗಳೂರಿನ ನನ್ನ ಗುರುಗಳಿಗೆ ಈ ಪದ್ಧತಿ ಪೂರ್ತಿ ಒಪ್ಪಿಗೆಯಿಲ್ಲ. ಅಲಂಕಾರಗಳೆಂಬ ಸ್ವರಪಾಠಗಳನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಸಾಧಿಸದೆ ಪದಕ್ಕೆ ಹೋಗಬಾರದು ಎಂಬುದು ಅವರ ವಾದ. ಅವರ ಮಾತಿನಲ್ಲಿ ಸತ್ಯವಿದೆ. ನನ್ನಲ್ಲಿ ಕಲಿತ ಮಕ್ಕಳು ವೇಗದಲ್ಲಿ ಹಿಂದೆ, ಅದನ್ನು ಒಪ್ಪುತ್ತೇನೆ. ಕೇಳುವುದರಲ್ಲಿ ಮುಂದೆ.

ಕೈ ಪಳಗಿಸಲು ಕೋಲಾಟ ಇದೆ. ಸರ್ಕಾರಿ ಶಾಲೆಯ ಒಬ್ಬ ಹುಡುಗಿ ಮೊದಲ ದಿನವೇ ಕಲಮನ್ನು ಎಷ್ಟು ಹಗುರವಾಗಿ ಹಿಡಿದಳು ಎಂದರೆ, ಬೇರೆ ಎಲ್ಲಾದರೂ ಕಲಿತಿದ್ದೀಯಾ ಎಂದು ಕೇಳಿದೆ. ಇಲ್ಲ ಸರ್, ಕೋಲಾಟ ಆಡುತ್ತೇನೆ ಎಂದಳು. ಎದುರಿನವಳ ಕೋಲಿಗೆ ತಾಗಿಸಿ ಕೂಡಲೇ ಹಿಂದಕ್ಕೆ ತರುವ ಅಭ್ಯಾಸ; ಜೋರಾಗಿ ಹೊಡೆದರೆ ಗೆಳತಿಯ ಬೆರಳು ಜಜ್ಜುತ್ತದೆ. ನನಗೆ ತಬಲಾದ ಬಲ ಇಳಿಸಲು ತಿಂಗಳುಗಟ್ಟಲೆ ಹಿಡಿದದ್ದು ಆಟದಲ್ಲೇ ಅವಳಿಗೆ ಬಂದುಬಿಟ್ಟಿತ್ತು. ಅಂದಿನಿಂದ ಹೊಸ ಮಕ್ಕಳಿಗೆ ಮೊದಲು ಬಿದಿರ ಕೋಲು, ನಿಂತು, ಎದುರುಬದುರು. ಆಮೇಲೆ ಸೀಳಿದ ಬಿದಿರಿನಿಂದ ನಾವೇ ಮಾಡಿದ ಕಲಮು. ಒಳ್ಳೆಯ ಕಲಮು ಕೊನೆಗೆ.

ಒಳ್ಳೆಯ ಕಲಮು ಎಂದರೆ ನಮ್ಮ ಬೀದಿಯ ಬಡಗಿ ಆಚಾರ್ಯರು ಮಾಡಿದ್ದು. ಕಾಶ್ಮೀರದಲ್ಲಿ ಅಕ್ರೋಟ್ ಮರದಿಂದ ಮಾಡುತ್ತಾರೆ. ಇಲ್ಲಿ ಅದೆಲ್ಲಿಂದ ತರುವುದು? ಆಚಾರ್ಯರು ಮೊದಲು ಕಾಫಿ ಗಿಡದ ಮರದಲ್ಲಿ ಕೆತ್ತಿದರು, ಗಟ್ಟಿ ಬಂತು, ಕೈಗೆ ಭಾರ. ಆಮೇಲೆ ಮುರಿದ ಹಳೆಯ ಬೀಟೆ ಮಂಚದ ಕಾಲೊಂದನ್ನು ಹುಡುಕಿ, ಎಳೆಯ ಗುಂಟ ಸೀಳಿ, ತುದಿಯ ಬಾಗು ಮಾತ್ರ ದಪ್ಪ ಬಿಟ್ಟು ಹಿಡಿಯ ಕಡೆ ತೆಳ್ಳಗೆ ತೆಗೆದರು. ತೂಕ ನೋಡಲು ತಕ್ಕಡಿ ಇಟ್ಟುಕೊಳ್ಳಲಿಲ್ಲ. ಬೆರಳ ಮೇಲೆ ಅಡ್ಡ ಇಟ್ಟು ಎಲ್ಲಿ ಸಮ ನಿಲ್ಲುತ್ತದೆ ಎಂದು ನೋಡಿ, ಎರಡರಲ್ಲೂ ಆ ಬಿಂದು ಒಂದೇ ಕಡೆ ಬರುವವರೆಗೆ ಗಾಜಿನ ಚೂರಿನಿಂದ ಹೆರೆದರು. ಆ ಜೋಡಿಯನ್ನು ಈಗಲೂ ಯಾರಿಗೂ ಕೊಡುವುದಿಲ್ಲ.

ಮಳೆಯ ಜೊತೆ ಬದುಕುವ ಉಪಾಯಗಳೂ ಮಲೆನಾಡಿನವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾದ್ಯ ಇರುವುದು ಮರದ ಕಪಾಟಿನಲ್ಲಿ, ಒಳಗೆ ಒಂದು ಸಣ್ಣ ಹಳೆಯ ಕಾಲದ ಬಲ್ಬು ಉರಿಯುತ್ತಿರುತ್ತದೆ. ಎಲ್‌ಇಡಿ ಬಲ್ಬು ಉಪಯೋಗವಿಲ್ಲ, ಅದಕ್ಕೆ ಬಿಸಿಯೇ ಇಲ್ಲ. ಪೆಟ್ಟಿಗೆಯಲ್ಲಿ ಚಪ್ಪಲಿ ಅಂಗಡಿಯಿಂದ ಕೇಳಿ ತಂದ ಸಿಲಿಕಾ ಪೊಟ್ಟಣಗಳು. ನುಡಿಸಿದ ಮೇಲೆ ತಂತಿಯನ್ನು ಒಣಬಟ್ಟೆಯಿಂದ ಒರೆಸದೆ ಏಳುವ ಹಾಗಿಲ್ಲ. ಬೆವರು ತಾಗಿದ ಕಡೆ ತುಕ್ಕು ಎರಡೇ ದಿನದಲ್ಲಿ ಕಾಣಿಸುತ್ತದೆ. ಬಿರಡೆಯ ತೂತು ಸಡಿಲವಾದರೆ ಮರಳು ಕಾಗದದ ಪಟ್ಟಿ ಒಳಗಿಟ್ಟು ಬಿರಡೆ ಕೂರಿಸುತ್ತೇನೆ. ಮಳೆಗಾಲದಲ್ಲಿ ಏರಿದ ಶ್ರುತಿಯನ್ನು ದಿನವೂ ಇಳಿಸುತ್ತಾ ಹೋದರೆ, ಜನವರಿಯ ಒಣಗಾಳಿಗೆ ಹಲಗೆ ಕುಗ್ಗಿದಾಗ ಎಲ್ಲವನ್ನೂ ಮತ್ತೆ ಎಳೆಯಬೇಕಾಗುತ್ತದೆ. ಅದಕ್ಕೆ ಆ ತಿಂಗಳುಗಳಲ್ಲಿ ಷಡ್ಜವನ್ನೇ ಸ್ವಲ್ಪ ಮೇಲಿಟ್ಟುಕೊಳ್ಳುತ್ತೇನೆ. ಹಾಡುವವರು ಜೊತೆಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಅವರ ಗಂಟಲಿಗೆ ಮಳೆಗಾಲದಲ್ಲಿ ಶ್ರುತಿ ಇಳಿಯಬೇಕಿರುತ್ತದೆ.

2022ರ ಮೇ 10ರಂದು ಶಿವಕುಮಾರ ಶರ್ಮಾ ತೀರಿಕೊಂಡರು, ಜೂನ್ 2ರಂದು ಕಾಶ್ಮೀರದ ಸಂತೂರ್ ವಾದಕ ಭಜನ್ ಸೋಪೋರಿ. ತಿಂಗಳು ತುಂಬುವುದರೊಳಗೆ ಎರಡು ದೊಡ್ಡ ಮನೆಗಳ ಹಿರಿಯರು ಹೋದರು. ಆ ವಾರಗಳಲ್ಲಿ ಹಾಸನದಲ್ಲೂ ಕೆಲವರು ಹುಡುಕಿಕೊಂಡು ಬಂದು, ಇದು ನಮ್ಮೂರಲ್ಲಿ ಕಲಿಸುತ್ತಾರೆ ಎಂದೇ ಗೊತ್ತಿರಲಿಲ್ಲ ಎಂದರು. ಅಲ್ಲಿಯವರೆಗೆ ಸೋಪಿನ ಹೆಸರಲ್ಲವೇ ಎಂದು ನಕ್ಕವರೇ ಹೆಚ್ಚು. ಹೀಗೆ ಬಂದವರಲ್ಲಿ ಇಬ್ಬರು ಮಕ್ಕಳು ಉಳಿದುಕೊಂಡಿದ್ದಾರೆ.

ಉಳಿದವರ ದೊಡ್ಡ ಕಷ್ಟ ವಾದ್ಯ. ಹೊರಗಿನಿಂದ ತರಿಸುವ ಸಂತೂರಿನ ಬೆಲೆ ಇಲ್ಲಿನ ತಂದೆ ತಾಯಂದಿರನ್ನು ಬೆಚ್ಚಿಸುತ್ತದೆ. ಅದಕ್ಕೆ ಆಚಾರ್ಯರನ್ನೇ ಕೇಳಿದೆ. ವೀಣೆ, ತಂಬೂರಿಗೆಲ್ಲ ಹಲಸು ತಾನೇ, ಇದಕ್ಕೂ ಅದೇ ಆಗುತ್ತದೆ ಎಂದು ಧೈರ್ಯ ಕೊಟ್ಟು ಅವರು ಪೆಟ್ಟಿಗೆಯನ್ನು ಹಲಸಿನಲ್ಲಿ ಕಟ್ಟಿದರು. ಪಕ್ಕದ ಹಲಗೆಗಳು, ಬಿರಡೆ ಕೂರುವ ದಿಮ್ಮಿ ಕಲ್ಲಿನಂತೆ ನಿಂತವು. ಮೇಲು ಹಲಗೆ ಮಾತ್ರ ಗಂಟಲು ಕಟ್ಟಿದವರ ಹಾಗೆ ನುಡಿಯಿತು, ನಾದ ಎದ್ದು ಕೂಡಲೇ ಕೂತುಬಿಡುತ್ತಿತ್ತು. ಸಿತಾರ್ ಮಾಡುವವರು ತುನ್ ಎಂದು ಕರೆಯುವ ಮರ ನಮ್ಮ ಗಂಧಗರಿಗೆಯೇ ಎಂದು ತಿಳಿದ ಮೇಲೆ, ಗಾಳಿಗೆ ಬಿದ್ದ ಒಂದು ಗಂಧಗರಿಗೆಯ ಹಲಗೆಯನ್ನು ಎಸ್ಟೇಟಿನವರಿಂದ ಕೊಂಡು ತಂದಿದ್ದೇವೆ. ಅದೀಗ ಆಚಾರ್ಯರ ಅಡುಗೆಮನೆಯ ಅಟ್ಟದಲ್ಲಿ ಒಲೆಯ ಹೊಗೆಗೆ ಒಣಗುತ್ತಿದೆ. ಈ ದೀಪಾವಳಿಗೇ ಕೂರಿಸೋಣ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ‘ಮರ ಒಣಗಿದೆಯೋ ಇಲ್ಲವೋ ಎಂದು ನಿಮ್ಮ ಮೊಬೈಲ್ ಹೇಳುವುದಿಲ್ಲ ಮೇಷ್ಟ್ರೇ, ಸಂಕ್ರಾಂತಿ ಕಳೆಯಲಿ’ ಎಂದಿದ್ದಾರೆ. ಅಲ್ಲಿಯವರೆಗೆ ಇರುವ ಎರಡೇ ವಾದ್ಯವನ್ನು ಮಕ್ಕಳು ಸರದಿಯ ಮೇಲೆ ಮನೆಗೆ ಒಯ್ಯುತ್ತಾರೆ. ಯಾರ ಸರದಿ ಯಾವ ದಿನ ಎಂಬ ಪಟ್ಟಿಯನ್ನು ಕೋಲಾಟದ ಹುಡುಗಿಯೇ ಬರೆದು ಗೋಡೆಗೆ ಅಂಟಿಸಿದ್ದಾಳೆ. ಶನಿವಾರ, ಭಾನುವಾರ ಎರಡೂ ತನ್ನ ಹೆಸರಿಗೇ ಬರೆದುಕೊಂಡಿದ್ದಾಳೆ ಎಂದು ಉಳಿದವರ ದೂರು ಬಂದಿದೆ. ಈ ವಾರ ಕೂತು ಅದನ್ನು ಬಗೆಹರಿಸಬೇಕು.